ಕ್ಲಿಪ್ ಬಿಚ್ಚಿದ ಹಲ್ಲಿಗೆ ಕಾವಲು ಬೇಕು

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಪೇಟೆ ಬೀದಿಗಳಲ್ಲಿ ಹಲ್ಲಿನ ದವಾಖಾನೆಗಳ ಬೋರ್ಡುಗಳನ್ನು ಓದುತ್ತ ಹೋದರೆ ಒಂದು ಸಾಲು ಮತ್ತೆ ಮತ್ತೆ ಸಿಗುತ್ತದೆ: ಉಬ್ಬುಹಲ್ಲು, ಸೊಟ್ಟಹಲ್ಲುಗಳಿಗೆ ಕ್ಲಿಪ್ ಹಾಕಲಾಗುವುದು. ಒಂದು ತಲೆಮಾರಿನ ಹಿಂದೆ ಹಲ್ಲಿಗೆ ತಂತಿ ಕಟ್ಟಿಸುವುದೆಂದರೆ ಹೈದರಾಬಾದಿಗೋ ಬೆಂಗಳೂರಿಗೋ ಹೋಗಿಬರುವ ತಾಕತ್ತಿದ್ದವರ ಮಾತು. ಈಗ ಸಂತೆಕಲ್ಲೂರಿನಂಥ ಊರಿನಿಂದ ಕಾಲೇಜಿಗೆ ಬಸ್ಸು ಹತ್ತುವ ಹುಡುಗಿಯೂ ಕ್ಲಿಪ್ ಹಾಕಿಸಿಕೊಳ್ಳಬಲ್ಲಳು. ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ ಮಕ್ಕಳು ಕೈ ತೆಗೆದು ನಗುತ್ತಿದ್ದಾರೆ. ಇದು ನಿಜಕ್ಕೂ ಸಂತೋಷದ ಸಂಗತಿ.

ಆದರೆ ಈಗಲೇ ಎಚ್ಚರಿಸಬೇಕಾದ ಒಂದು ಮಾತಿದೆ. ಒಂದೂವರೆ ಎರಡು ವರ್ಷ ತಿಂಗಳಿಗೊಮ್ಮೆ ತಿರುಗಿ, ಹತ್ತಾರು ಸಾವಿರ ಸುರಿದು, ತಂತಿ ಬಿಚ್ಚಿಸಿಕೊಂಡ ದಿನ ಮನೆಮಂದಿಯೆಲ್ಲ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ವೈದ್ಯರು ಕೈಗಿಟ್ಟ ಸಣ್ಣ ಡಬ್ಬಿಯೊಳಗಿನ ರಿಟೇನರ್, ಅಂದರೆ ನೆಟ್ಟಗಾದ ಹಲ್ಲನ್ನು ಅದೇ ಜಾಗದಲ್ಲಿ ಹಿಡಿದಿಡುವ ಸಾಧನ, ಮೊದಲ ಹದಿನೈದು ದಿನ ಬಾಯಲ್ಲಿರುತ್ತದೆ. ಆಮೇಲೆ ಕಿಟಕಿಯ ಮೇಲೆ, ಆಮೇಲೆ ಟ್ರಂಕಿನಲ್ಲಿ. ಹೀಗೇ ನಡೆದರೆ ನಮ್ಮ ಮೂರು ತಾಲ್ಲೂಕುಗಳಲ್ಲಿ ಇವತ್ತು ನೆಟ್ಟಗಾಗಿರುವ ಎಷ್ಟೋ ಹಲ್ಲುಗಳು ಇನ್ನು ಐದು ಹತ್ತು ವರ್ಷಗಳಲ್ಲಿ ಮತ್ತೆ ಓರೆಯಾಗುತ್ತವೆ. ಆಗ ಅಪ್ಪ ಅಮ್ಮ ವೈದ್ಯರನ್ನು ಬೈಯುತ್ತಾರೆ, ವೈದ್ಯರು ಹುಡುಗನನ್ನು ಬೈಯುತ್ತಾರೆ. ಇನ್ನೊಮ್ಮೆ ಕ್ಲಿಪ್ ಹಾಕಿಸಲು ದುಡ್ಡು ಯಾರ ಹತ್ತಿರ ಇರುತ್ತದೆ?

ಹಲ್ಲು ಯಾಕೆ ಹಳೆಯ ಜಾಗಕ್ಕೆ ತಿರುಗಿ ಬರುತ್ತದೆ ಎಂಬುದನ್ನು ಮಕ್ಕಳಿಗೆ ತಿಳಿಯುವಂತೆ ಹೇಳುವವರು ಕಡಿಮೆ. ಹಲ್ಲಿನ ಬೇರು ದವಡೆಯ ಎಲುಬಿಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಎರಡರ ನಡುವೆ ಅರ್ಧ ಮಿಲಿಮೀಟರಿಗೂ ತೆಳುವಾದ ನಾರಿನ ಪದರವಿದೆ. ತಂತಿ ಎಳೆದಾಗ ಒಂದು ಬದಿಯ ಎಲುಬು ಕರಗುತ್ತದೆ, ಇನ್ನೊಂದು ಬದಿಯಲ್ಲಿ ಹೊಸ ಎಲುಬು ಕೂಡುತ್ತದೆ, ಹಲ್ಲು ಸರಿಯುತ್ತದೆ. ತಂತಿ ಬಿಚ್ಚಿದ ಹೊತ್ತಿಗೆ ಆ ಹೊಸ ಎಲುಬು ಇನ್ನೂ ಹಸಿ. ಬೇರಿನ ಸುತ್ತಲಿನ ನಾರುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಮೂರು ನಾಲ್ಕು ತಿಂಗಳು ಬೇಕು, ವಸಡಿನ ನಾರುಗಳಿಗೆ ನಾಲ್ಕರಿಂದ ಆರು ತಿಂಗಳು. ವಸಡಿನ ಅಂಚಿನಲ್ಲಿ ಹಲ್ಲಿನ ಕುತ್ತಿಗೆಯನ್ನು ಹಿಡಿದಿರುವ ಎಲಾಸ್ಟಿಕ್ ಗುಣದ ನಾರುಗಳು ವರ್ಷ ಕಳೆದರೂ ಹಳೆಯ ದಿಕ್ಕಿಗೇ ಜಗ್ಗುತ್ತಿರುತ್ತವೆ. ತಿರುಚಿಕೊಂಡಿದ್ದ ಹಲ್ಲು ಮತ್ತು ಮೇಲಿನ ಮುಂದಿನ ಎರಡು ಹಲ್ಲುಗಳ ನಡುವಿನ ಸಂದು ಎಲ್ಲಕ್ಕಿಂತ ಮೊದಲು ಮರಳುವುದು ಇದೇ ಕಾರಣಕ್ಕೆ. ಭತ್ತದ ಸಸಿ ನಾಟಿ ಮಾಡಿ ಗದ್ದೆಯ ಕಡೆ ತಿರುಗಿ ನೋಡದ ರೈತ ಸಿಂಧನೂರು ಸೀಮೆಯಲ್ಲಿ ಒಬ್ಬನೂ ಸಿಗಲಿಕ್ಕಿಲ್ಲ. ಬೇರು ಹಿಡಿಯುವ ತನಕ ನೀರು ನಿಲ್ಲಿಸಿ ಕಾಯುತ್ತಾನೆ. ರಿಟೇನರ್ ಮಾಡುವುದೂ ಅದೇ ಕಾವಲನ್ನು.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟಲ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ಕ್ಷೇತ್ರದಲ್ಲಿ ಇಂದಿಗೂ ಮಾತಿಗೆ ಬರುತ್ತದೆ. ನಾಲ್ಕು ಹಲ್ಲು ಕೀಳಿಸಿ ಕ್ಲಿಪ್ ಚಿಕಿತ್ಸೆ ಪಡೆದ 31 ಜನರನ್ನು, ರಿಟೇನರ್ ಬಿಟ್ಟು 20 ವರ್ಷ ಕಳೆದ ಮೇಲೆ ಕರೆಸಿ ನೋಡಿದರು. ಕೆಳಗಿನ ಮುಂದಿನ ಹಲ್ಲುಗಳ ಸಾಲು ಒಪ್ಪುವಂತೆ ಉಳಿದಿದ್ದದ್ದು ಶೇ 10ರಷ್ಟು ಜನರಲ್ಲಿ ಮಾತ್ರ. ಸಣ್ಣ ಅಧ್ಯಯನವೇ. ಆದರೆ ಅವರೆಲ್ಲ ನುರಿತ ಕೈಗಳಲ್ಲಿ ಚಿಕಿತ್ಸೆ ಪಡೆದವರು. ಚಿಕಿತ್ಸೆ ಎಷ್ಟೇ ಚೆನ್ನಾಗಿರಲಿ, ಕಾವಲು ಬಿಟ್ಟ ಹಲ್ಲು ಸರಿಯುತ್ತದೆ. ಕ್ಲಿಪ್ಪನ್ನೇ ಹಾಕಿಸದವರ ಕೆಳಗಿನ ಹಲ್ಲುಗಳೂ ವಯಸ್ಸಾದಂತೆ ಒಂದರ ಮೇಲೊಂದು ಬರುವುದುಂಟು. ಬುದ್ಧಿಹಲ್ಲು ಹುಟ್ಟಿ ಉಳಿದವನ್ನು ನೂಕಿತು ಎಂದು ಮನೆಗಳಲ್ಲಿ ಹೇಳುತ್ತಾರೆ. ಆ ಮಾತಿಗೆ ಗಟ್ಟಿ ಆಧಾರ ಸಿಕ್ಕಿಲ್ಲ. ಆ ನಂಬಿಕೆಯಿಂದ ಬುದ್ಧಿಹಲ್ಲು ಕೀಳಿಸಿ ರಿಟೇನರ್ ಬಿಟ್ಟವರಿಗೆ ಎರಡೂ ಕಡೆ ನಷ್ಟ.

ಈ ಸಮಸ್ಯೆ ಲೋಕದ ಎಲ್ಲ ಕಡೆಯದು. ಹಾಗಿದ್ದೂ ನಮ್ಮ ಸೀಮೆಯನ್ನು ಹೆಸರು ಹಿಡಿದು ಯಾಕೆ ಎಚ್ಚರಿಸಬೇಕು ಎಂದರೆ, ಇಲ್ಲಿ ನಾಲ್ಕು ತೊಡಕುಗಳು ಒಟ್ಟಿಗೆ ಕೂಡಿವೆ. ಅವುಗಳಲ್ಲಿ ದೊಡ್ಡದು ವೈದ್ಯರು ಬಂದುಹೋಗುವ ರೀತಿ. ತಾಲ್ಲೂಕು ಪೇಟೆಗಳಲ್ಲಿ ಹಲ್ಲಿನ ವೈದ್ಯರಿದ್ದಾರೆ. ಆದರೆ ಕ್ಲಿಪ್ ಹಾಕುವ ತಜ್ಞರು, ಅಂದರೆ ಆರ್ಥೊಡಾಂಟಿಸ್ಟರು, ಹೆಚ್ಚಾಗಿ ಹೊರಗಿನಿಂದ ಬರುವವರು. ರಾಯಚೂರಿನಿಂದಲೋ ಬಳ್ಳಾರಿಯಿಂದಲೋ ತಿಂಗಳಲ್ಲಿ ಒಂದು ಎರಡು ದಿನ ಬಂದು, ಗುರುತು ಹಾಕಿಟ್ಟ ರೋಗಿಗಳನ್ನು ನೋಡಿ, ಸಂಜೆಗೆ ಹೊರಡುತ್ತಾರೆ. ತಂತಿ ಇರುವ ತನಕ ಈ ಏರ್ಪಾಡು ನಡೆಯುತ್ತದೆ, ಏಕೆಂದರೆ ತಂತಿ ಇದ್ದಮೇಲೆ ರೋಗಿ ಬರಲೇಬೇಕು. ತಂತಿ ಬಿಚ್ಚಿದ ಮೇಲೆ ಕರೆಯುವವರಿಲ್ಲ. ತಜ್ಞರು ಬೇರೆ ಊರಿಗೆ ಹೋದರೆ ಹುಡುಗನ ದಾಖಲೆ, ಅಚ್ಚು, ಎಕ್ಸ್‌ರೇ ಎಲ್ಲಿವೆ ಎಂಬುದೂ ತಿಳಿಯದು. ದವಾಖಾನೆಯಲ್ಲಿ ಉಳಿದ ವೈದ್ಯರು ತಾವು ಮಾಡದ ಕೆಲಸಕ್ಕೆ ಕೈ ಹಾಕಲು ಹಿಂಜರಿಯುತ್ತಾರೆ, ಅದು ಸಹಜವೂ ಹೌದು. ರಾಯಚೂರಿನಲ್ಲಿ ಎ.ಎಂ.ಇ. ಮತ್ತು ನವೋದಯ, ಎರಡು ದಂತ ಕಾಲೇಜುಗಳಿವೆ. ಆದರೆ ಸಂತೆಕಲ್ಲೂರಿನವರು ಅಲ್ಲಿಗೆ ಹೋಗಿಬರಲು ಒಂದು ದಿನ ಪೂರ್ತಿ ಬೇಕು. ಹರಿದ ರಿಟೇನರಿಗಾಗಿ ಕೂಲಿ ಬಿಟ್ಟು ಯಾರು ಹೋಗುತ್ತಾರೆ?

ಎರಡನೆಯದು ನೀರು. ರಾಯಚೂರು ಜಿಲ್ಲೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ ಎಂಬುದು ಹಳೆಯ ಸುದ್ದಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಒಪ್ಪಿದ ಮಟ್ಟ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂ ತನಕ ಮಿತಿ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಮಿತಿ ಮೀರಿದ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಬಿಳಿ ಪಟ್ಟೆ, ಕಂದು ಕಲೆ ಬೀಳುತ್ತವೆ. ಇದು ಬರೀ ಅಂದದ ಪ್ರಶ್ನೆಯಾಗಿದ್ದರೆ ಇಲ್ಲಿ ಹೇಳಬೇಕಿರಲಿಲ್ಲ. ಹೀಗೆ ಫ್ಲೋರೋಸಿಸ್ ಆದ ಹಲ್ಲಿನ ಎನಾಮಲ್ ಮೇಲೆ ವೈದ್ಯರ ಅಂಟು ಚೆನ್ನಾಗಿ ಹಿಡಿಯುವುದಿಲ್ಲ. ಹಲ್ಲುಗಳ ಒಳಬದಿಗೆ ಅಂಟಿಸುವ ತೆಳು ತಂತಿ, ಅಂದರೆ ಫಿಕ್ಸೆಡ್ ರಿಟೇನರ್, ಇಂಥ ಹಲ್ಲಿನಿಂದ ಬೇಗ ಬಿಡಬಹುದು. ಬಿಟ್ಟದ್ದು ಗೊತ್ತೂ ಆಗುವುದಿಲ್ಲ. ಆರು ಹಲ್ಲಿಗೆ ಅಂಟಿಸಿದ ತಂತಿ ಒಂದು ಹಲ್ಲಿನಲ್ಲಿ ಬಿಟ್ಟರೆ ಉಳಿದ ಐದರಲ್ಲಿ ಗಟ್ಟಿಯಾಗಿಯೇ ಇರುತ್ತದೆ, ನಾಲಿಗೆಗೆ ವ್ಯತ್ಯಾಸ ತಿಳಿಯದು. ಆ ಒಂದು ಹಲ್ಲು ಮೆಲ್ಲಗೆ ಹೊರಬಾಗಿದ ಮೇಲೆ ಕನ್ನಡಿಯಲ್ಲಿ ಕಾಣುತ್ತದೆ. ನಮ್ಮ ಕಟಕ ರೊಟ್ಟಿ, ಕಬ್ಬು, ಹುರಿಗಡಲೆ ಈ ತಂತಿಗೆ ದಿನದಿನದ ಪರೀಕ್ಷೆ. ಮುಂದಿನ ಹಲ್ಲಿನಿಂದ ಕಚ್ಚುವ ಬದಲು ಮುರಿದು ದವಡೆಗೆ ಹಾಕಿಕೊಳ್ಳುವುದನ್ನು ಮಕ್ಕಳಿಗೆ ರೂಢಿ ಮಾಡಿಸಬೇಕು.

ಕೊಳವೆಬಾವಿಯ ನೀರು ಗಡಸೂ ಹೌದು, ಅದು ತೆಗೆದು ಹಾಕುವ ರಿಟೇನರನ್ನೂ ಬಿಡುವುದಿಲ್ಲ. ಕೊಳವೆಬಾವಿ ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟ ಪ್ಲಾಸ್ಟಿಕ್ ರಿಟೇನರನ್ನು ಬೆಳಕಿಗೆ ಹಿಡಿದು ನೋಡಿ. ತಂದಾಗ ಗಾಜಿನಂತಿದ್ದದ್ದು ಮಸುಕಾಗಿರುತ್ತದೆ, ಹಲ್ಲಿನ ಗುಳಿಗಳ ತುದಿಯಲ್ಲಿ ಬಿಳಿ ಪೊರೆ ಕಟ್ಟಿರುತ್ತದೆ, ಉಗುರಿನಿಂದ ಕೆರೆದರೆ ಸುಣ್ಣದ ಪುಡಿಯಂತೆ ಉದುರುತ್ತದೆ. ಆ ಪೊರೆಯ ಮೇಲೆ ಬಾಯಿಯ ಕ್ರಿಮಿಗಳು ಮನೆ ಮಾಡುತ್ತವೆ, ವಾಸನೆ ಹುಟ್ಟುತ್ತದೆ. ವಾಸನೆ ಬಂದ ಮೇಲೆ ಯಾವ ಹುಡುಗಿ ತಾನೇ ಅದನ್ನು ಬಾಯಿಗೆ ಹಾಕಿಕೊಂಡಾಳು? ಬಿಳಿ ವಿನೆಗರ್ ಮತ್ತು ತಣ್ಣೀರು ಸಮನಾಗಿ ಬೆರೆಸಿ ಕಾಲು ಗಂಟೆ ನೆನೆಸಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ತೊಳೆದರೆ ಈ ಪೊರೆ ಬಹುಮಟ್ಟಿಗೆ ಬಿಡುತ್ತದೆ. ದಿನಾಲೂ ಮಾಡಬೇಕಾದ್ದು ಇದಕ್ಕಿಂತ ಸುಲಭ. ಬಾಯಿಂದ ತೆಗೆದ ಕೂಡಲೇ, ಜೊಲ್ಲು ಒಣಗುವ ಮೊದಲು, ಒಂದು ಹನಿ ಕೈಸಾಬೂನಿನ ದ್ರವ ಹಾಕಿ ತಣ್ಣೀರಲ್ಲಿ ಉಜ್ಜಿ ತೊಳೆಯುವುದು. ಟೂತ್‌ಪೇಸ್ಟ್ ಬೇಡ. ಅದರಲ್ಲಿರುವ ಸಣ್ಣ ಮರಳಿನಂಥ ಕಣಗಳು ಪ್ಲಾಸ್ಟಿಕ್ಕನ್ನು ಗೀರುತ್ತವೆ. ಮನೆಯಲ್ಲಿ ಶುದ್ಧ ನೀರಿನ ಘಟಕದ ನೀರು ಇದ್ದರೆ ಕೊನೆಯ ಸಲ ಅದರಲ್ಲೇ ಜಾಲಿಸಿ.

ಮೂರನೆಯದು ಬಿಸಿಲು. ನಮ್ಮಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸದಲ್ಲ. ಪಾರದರ್ಶಕ ರಿಟೇನರ್ ತಯಾರಾಗುವುದೇ ಪ್ಲಾಸ್ಟಿಕ್ ಹಾಳೆಯನ್ನು ಕಾಸಿ ಹಲ್ಲಿನ ಅಚ್ಚಿನ ಮೇಲೆ ಎಳೆದು. ಮತ್ತೆ ಕಾದರೆ ಅಚ್ಚು ಕೆಡುತ್ತದೆ. ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬಾರದು, ಬೈಕಿನ ಸೀಟಿನ ಕೆಳಗೆ ಇಡಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಬಿಸಿನೀರಿನಲ್ಲಿ ತೊಳೆಯಬಾರದು. ಕ್ರಿಮಿ ಸಾಯಲಿ ಎಂಬ ಒಳ್ಳೆಯ ಮನಸ್ಸಿನಿಂದ ಕುದಿನೀರು ಹುಯ್ದು ರಿಟೇನರ್ ಮುದುಡಿಸಿದ ತಾಯಂದಿರು ಎಲ್ಲ ಊರಲ್ಲೂ ಇದ್ದಾರೆ. ಅವರ ತಪ್ಪೇನೂ ಇಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ಬಾಯಲ್ಲಿ ರಿಟೇನರ್ ಇಟ್ಟುಕೊಂಡೇ ಬಿಸಿ ಚಹಾ ಕುಡಿಯುವುದೂ ಕೆಟ್ಟದ್ದು. ಸಿಹಿ ಚಹಾ, ತಂಪು ಪಾನೀಯಗಳು ಪ್ಲಾಸ್ಟಿಕ್ಕಿನ ಒಳಗೆ ನಿಂತು ಹಲ್ಲನ್ನು ಗಂಟೆಗಟ್ಟಲೆ ನೆನೆಸುತ್ತವೆ, ಹುಳುಕು ಹಿಡಿಯುತ್ತದೆ. ರಿಟೇನರ್ ಇದ್ದಾಗ ನೀರು ಮಾತ್ರ.

ನಾಲ್ಕನೆಯದು ಊರು ಬಿಡುವುದು. ಕ್ಲಿಪ್ ಬಿಚ್ಚುವ ವಯಸ್ಸು ಹದಿನಾರು ಹದಿನೆಂಟು. ಅದೇ ವಯಸ್ಸಿಗೆ ಮಕ್ಕಳು ಧಾರವಾಡ, ಮಂಗಳೂರು, ಬೆಂಗಳೂರಿನ ಹಾಸ್ಟೆಲುಗಳಿಗೆ ಹೋಗುತ್ತಾರೆ, ನೀಟ್ ಕೋಚಿಂಗಿಗೆ ಹೋಗುತ್ತಾರೆ. ನಾಲ್ಕು ಜನ ಇರುವ ಕೋಣೆಯಲ್ಲಿ ರಾತ್ರಿ ರಿಟೇನರ್ ಹಾಕಿಕೊಂಡು ತೊದಲುವುದಕ್ಕೆ ನಾಚಿಕೆ. ಊಟದ ಹೊತ್ತಿಗೆ ತೆಗೆದು ಕಾಗದದಲ್ಲಿ ಸುತ್ತಿಟ್ಟದ್ದು ತಟ್ಟೆಯ ಜೊತೆ ಕಸದ ಡಬ್ಬಿಗೆ ಹೋಗುತ್ತದೆ. ಇನ್ನು ಹೆಣ್ಣುಮಕ್ಕಳಿಗೆ ಕ್ಲಿಪ್ ಹಾಕಿಸುವಾಗ ಎಷ್ಟೋ ಮನೆಗಳಲ್ಲಿ ಗಂಡು ನೋಡುವ ಲೆಕ್ಕವೂ ಇರುತ್ತದೆ. ಮದುವೆಯಾಗುತ್ತಲೇ ರಿಟೇನರ್ ತವರುಮನೆಯಲ್ಲೇ ಉಳಿಯುತ್ತದೆ. ಗಂಡನ ಮನೆಯಲ್ಲಿ ರಾತ್ರಿ ಅದನ್ನು ಹಾಕಿಕೊಳ್ಳಲು ಅವಳಿಗೆ ಸಂಕೋಚ, ಹೊಸದು ಮಾಡಿಸಿಕೊಡಿ ಎಂದು ಕೇಳಲು ಇನ್ನೂ ಸಂಕೋಚ. ತನ್ನ ಹಲ್ಲಿನ ಮೇಲೆ ಅವಳಿಗೇ ಅಧಿಕಾರ ಇರಬೇಕು ಎಂಬುದನ್ನು ಎರಡೂ ಮನೆಯವರು ಮನಸ್ಸಿಗೆ ತಂದುಕೊಳ್ಳಲಿ.

ಈ ನಾಲ್ಕರ ಜೊತೆಗೆ ಗುಟ್ಕಾ ಸೇರಿಕೊಂಡರೆ ಮಾತೇ ಬೇರೆ. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾದರೂ ಪಾನ್ ಮಸಾಲೆ ಮತ್ತು ತಂಬಾಕನ್ನು ಬೇರೆ ಬೇರೆ ಚೀಟಿಯಲ್ಲಿ ಕೊಂಡು ಬೆರೆಸಿ ತಿನ್ನುವ ಹುಡುಗರು ಕಡಿಮೆಯಾಗಿಲ್ಲ. ರಿಟೇನರ್ ಕಲೆಯಾಗುವುದು ಅದರಲ್ಲಿ ಚಿಕ್ಕ ನಷ್ಟ. ಅಡಿಕೆಯಿಂದ ಕೆನ್ನೆಯ ಒಳಪದರ ಬಿಗಿಯುತ್ತ ಬಂದರೆ ಅಚ್ಚು ತೆಗೆಯುವಷ್ಟೂ ಬಾಯಿ ತೆರೆಯದು, ಮುಂದೆ ಕ್ಯಾನ್ಸರಿನ ಭಯ.

ಇನ್ನು ಎಚ್ಚರಿಕೆಯ ಗುರುತು ಯಾವುದು? ಅದು ರಿಟೇನರಿನಲ್ಲೇ ಇದೆ. ನಿನ್ನೆ ಬೆರಳಿನಿಂದ ಒತ್ತಿದರೆ ಟಕ್ ಎಂದು ಕೂಡುತ್ತಿದ್ದದ್ದು ಇವತ್ತು ಬಿಗಿ ಅನ್ನಿಸಿದರೆ, ತೆಗೆದಾಗ ಒಂದೆರಡು ಹಲ್ಲು ಮಿಡಿದಂತಾದರೆ, ಹಲ್ಲು ಸರಿಯತೊಡಗಿದೆ ಎಂದೇ ಅರ್ಥ. ಕನ್ನಡಿಯಲ್ಲಿ ಇನ್ನೂ ಏನೂ ಕಂಡಿರುವುದಿಲ್ಲ. ಈ ಹಂತದಲ್ಲಿ ಹಾಕಿಕೊಳ್ಳುವ ಗಂಟೆಗಳನ್ನು ಹೆಚ್ಚಿಸಿದರೆ ಕೆಲವೇ ದಿನಗಳಲ್ಲಿ ಮತ್ತೆ ಸಡಿಲಾಗುವುದುಂಟು. "ಪರೀಕ್ಷಾ ಇತ್ರಿ, ಒಂದು ತಿಂಗಳ ಬಿಟ್ಟಿದ್ದೆ, ಈಗ ಕುಂದ್ರವಲ್ದು" ಎಂದು ಬರುವವರ ವಿಷಯ ಬೇರೆ. ಪೂರ್ತಿ ಕೂಡದ ರಿಟೇನರನ್ನು ಹಲ್ಲುಕಚ್ಚಿ ಒತ್ತಿ ಕೂಡಿಸಬಾರದು, ಬ್ಲೇಡಿನಿಂದ ಕೆತ್ತಬಾರದು. ಅದು ಮುರಿಯುತ್ತದೆ. ಮುರಿದ ಚೂರು ನಿದ್ದೆಯಲ್ಲಿ ಗಂಟಲಿಗೆ ಇಳಿಯಬಹುದು. ಅದೇ ವಾರ ವೈದ್ಯರಲ್ಲಿಗೆ ಹೋಗಬೇಕು, ಹಬ್ಬದ ರಜೆಗೆ ಊರಿಗೆ ಬಂದಾಗ ನೋಡೋಣ ಎಂದು ಬಿಡಬಾರದು.

ಎಷ್ಟು ದಿನ ಹಾಕಬೇಕು ಎಂಬ ಪ್ರಶ್ನೆಗೆ ಮನೆಮಂದಿಗೆ ನೇರ ಉತ್ತರ ಸಿಗಬೇಕು. ಮೊದಲ ಕೆಲವು ತಿಂಗಳು ಕೆಲವು ವೈದ್ಯರು ಊಟ, ಹಲ್ಲುಜ್ಜುವ ಹೊತ್ತು ಬಿಟ್ಟು ಹಗಲಿರುಳೂ ಎನ್ನುತ್ತಾರೆ. ಕೆಲವರು ಮೊದಲಿನಿಂದಲೇ ರಾತ್ರಿ ಮಾತ್ರ ಎನ್ನುತ್ತಾರೆ. ಅದು ಹಲ್ಲಿನ ಹಳೆಯ ಸ್ಥಿತಿ ನೋಡಿ ಅವರು ಮಾಡುವ ತೀರ್ಮಾನ. ಆಮೇಲೆ ರಾತ್ರಿ ಹಾಕುವುದು ವರ್ಷ ಎರಡು ವರ್ಷಕ್ಕೆ ಮುಗಿಯುವಂಥದ್ದಲ್ಲ. ಹಲ್ಲು ನೆಟ್ಟಗೆ ಇರಬೇಕು ಅನ್ನುವ ತನಕ ಹಾಕಬೇಕು. ಇದನ್ನು ಕ್ಲಿಪ್ ಹಾಕುವ ಮೊದಲ ದಿನವೇ, ದುಡ್ಡಿನ ಮಾತು ಆಡುವಾಗಲೇ ಹೇಳಬೇಕು. ಕೆಲವು ವರ್ಷಕ್ಕೊಮ್ಮೆ ರಿಟೇನರ್ ಬದಲಿಸಬೇಕಾಗುತ್ತದೆ, ಅದಕ್ಕೆ ಇಷ್ಟು ಖರ್ಚು ಎಂಬುದೂ ಆ ಮಾತಿನಲ್ಲೇ ಬರಬೇಕು. ಕೊನೆಯ ದಿನ ಹೇಳಿದರೆ ಅದು ಹೊಸ ವಸೂಲಿಯಂತೆ ಕೇಳಿಸುತ್ತದೆ.

ಯಾವ ಬಗೆಯ ರಿಟೇನರ್ ಮೇಲು ಎಂಬುದನ್ನು ಸಂಶೋಧನೆಗಳು ಇನ್ನೂ ಖಚಿತವಾಗಿ ತೀರ್ಮಾನಿಸಿಲ್ಲ. ಹಾಗಾಗಿ ಊರು, ನೀರು, ಮನೆ ನೋಡಿ ಆರಿಸಬೇಕು. ಅಂಗುಳಿಗೆ ಕೂಡುವ ಅಕ್ರಿಲಿಕ್ ತಟ್ಟೆ, ಮುಂದೆ ಒಂದು ತಂತಿ ಇರುವ ಹಾಲೀಸ್ ಪ್ಲೇಟನ್ನು ಚಾರ್ಲ್ಸ್ ಹಾಲೀ 1919ರಲ್ಲಿ ಪರಿಚಯಿಸಿದ. ನೂರು ವರ್ಷ ಕಳೆದರೂ ಅದು ಉಳಿದಿದೆ. ಕಾಣುತ್ತದೆ, ಮೊದಲ ವಾರ ಮಾತು ತೊದಲಿಸುತ್ತದೆ, ನಿಜ. ಆದರೆ ಗಟ್ಟಿ, ತಂತಿ ಬಿಗಿ ಮಾಡಬಹುದು, ಮುರಿದರೆ ಸರಿಪಡಿಸಲೂಬಹುದು. ಪಾರದರ್ಶಕದ್ದು ಕಾಣುವುದಿಲ್ಲ, ಆದರೆ ಸೀಳಿದರೆ ಹೊಸದೇ ಆಗಬೇಕು. ಪೇಟೆಯಿಂದ ದೂರ ಇರುವ ಮಕ್ಕಳಿಗೆ ಹಾಲೀಸ್ ಪ್ಲೇಟ್ ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ. ಪಾರದರ್ಶಕವೇ ಬೇಕೆಂದರೆ ಮೊದಲೇ ಎರಡು ಜೊತೆ ಮಾಡಿಸಿಡುವುದು ಜಾಣತನ. ಅಂತಿಮ ಮಾತು ವೈದ್ಯರದೇ.

ಮೊಬೈಲಿನಲ್ಲಿ ಬರುವ ಜಾಹೀರಾತುಗಳ ಬಗ್ಗೆಯೂ ಒಂದು ಮಾತು. ವೈದ್ಯರ ಮುಖ ನೋಡದೆ ಮನೆಗೇ ಪಾರ್ಸೆಲಿನಲ್ಲಿ ಅಲೈನರ್, ಅಂದರೆ ಹಲ್ಲು ಸರಿಸುವ ಪಾರದರ್ಶಕ ಪ್ಲಾಸ್ಟಿಕ್ ಕವಚ, ಕಳಿಸುತ್ತೇವೆ ಎನ್ನುವ ವ್ಯಾಪಾರ ಅಮೆರಿಕದಲ್ಲಿ ಭರ್ಜರಿಯಾಗಿ ನಡೆಯಿತು. ಅದರಲ್ಲಿ ದೊಡ್ಡ ಹೆಸರಾಗಿದ್ದ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಚಿಕಿತ್ಸೆಯ ನಡುವೆ ಇದ್ದವರು ಬೇರೆ ವೈದ್ಯರನ್ನು ಹುಡುಕಿಕೊಳ್ಳಬೇಕಾಯಿತು. ಅಲ್ಲಿಯೇ ಹೀಗಾದರೆ, ತಜ್ಞರು ತಿಂಗಳಿಗೊಮ್ಮೆ ಬರುವ ನಮ್ಮ ಸೀಮೆಯಲ್ಲಿ ಅಂಥವರ ಕೈ ಹಿಡಿಯುವವರು ಯಾರು?

ಸೀಳುತುಟಿ, ಸೀಳು ಅಂಗುಳಿನ ಮಕ್ಕಳ ಬಗ್ಗೆ ಇನ್ನೂ ಹೆಚ್ಚಿನ ಕಳಕಳಿ ಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ಮಕ್ಕಳನ್ನು ಗುರುತಿಸಿ ಶಸ್ತ್ರಚಿಕಿತ್ಸೆಗೆ ಕಳಿಸುವ ಏರ್ಪಾಡಿದೆ. ಧಾರವಾಡದ ಎಸ್.ಡಿ.ಎಂ. ದಂತ ವೈದ್ಯಕೀಯ ಕಾಲೇಜಿನ ಕ್ರೇನಿಯೋಫೇಶಿಯಲ್ ಘಟಕದಂಥ ಒಳ್ಳೆಯ ಕೇಂದ್ರವೂ ಉತ್ತರ ಕರ್ನಾಟಕದಲ್ಲಿದೆ. ಆದರೆ ತುಟಿ ಹೊಲಿದ ಮೇಲೆ ವರ್ಷಗಟ್ಟಲೆ ಹಲ್ಲಿನ ಚಿಕಿತ್ಸೆ ಬಾಕಿ ಇರುತ್ತದೆ. ಈ ಮಕ್ಕಳ ಮೇಲ್ದವಡೆಯನ್ನು ಅಗಲ ಮಾಡಿದರೂ ಅಂಗುಳಿನ ಹಳೆಯ ಗಾಯದ ಕಲೆ ಅದನ್ನು ಒಳಕ್ಕೆ ಎಳೆಯುತ್ತಲೇ ಇರುತ್ತದೆ. ಇವರು ರಿಟೇನರ್ ಬಿಟ್ಟರೆ ಅಂದವಷ್ಟೇ ಕೆಡುವುದಿಲ್ಲ, ಅಗಿಯುವುದು ಮತ್ತು ಮಾತಿನ ಸ್ಪಷ್ಟತೆಯೂ ಕೆಡಬಹುದು. ಮಗು ಬೆಳೆದಂತೆ ರಿಟೇನರ್ ಚಿಕ್ಕದಾಗುತ್ತದೆ, ಮತ್ತೆ ಮತ್ತೆ ಬದಲಿಸಬೇಕು. ಈ ಖರ್ಚನ್ನು, ಬಸ್ಸಿನ ಖರ್ಚನ್ನೂ ಸೇರಿಸಿ, ಸರಕಾರ ಹೊರಬೇಕು.

ಕರ್ನಾಟಕ ಸರಕಾರ ದಂತಭಾಗ್ಯ ಯೋಜನೆಯಲ್ಲಿ ಬಡ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ಟು ಕೊಡುತ್ತ ಬಂದಿದೆ. ಹಲ್ಲು ಹೋದವರಿಗೆ ನೆರವಾದ ಸರಕಾರ, ಇರುವ ಹಲ್ಲು ಕಾಯುವುದಕ್ಕೆ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ವಾರಕ್ಕೊಂದು ಮಧ್ಯಾಹ್ನ ಮೀಸಲಿಡುವುದು ಕಷ್ಟದ ಕೆಲಸವಲ್ಲ. ಖಾಸಗಿಯಲ್ಲಿ ಕ್ಲಿಪ್ ಹಾಕಿಸಿದವರನ್ನೂ ಅಲ್ಲಿ ನೋಡಲಿ. ತಂತಿ ಬಿಟ್ಟಿದೆಯೇ, ವಸಡು ಊದಿದೆಯೇ, ರಿಟೇನರ್ ಕೂಡುತ್ತಿದೆಯೇ ಎಂದು ಪರೀಕ್ಷಿಸಲು ಬೇಕಾದದ್ದು ಕನ್ನಡಿ, ಬೆಳಕು, ಹತ್ತು ನಿಮಿಷ. ರಾಯಚೂರಿನ ಎರಡು ಕಾಲೇಜುಗಳು ಹಳ್ಳಿಗಳಲ್ಲಿ ನಡೆಸುವ ಶಿಬಿರಗಳಿಗೂ ಈ ಪರೀಕ್ಷೆಯನ್ನು ಸೇರಿಸಲಿ.

ಖಾಸಗಿ ದವಾಖಾನೆಗಳು ನಾಳೆಯಿಂದಲೇ ಮಾಡಬಹುದಾದ ಕೆಲಸವೊಂದಿದೆ. ಕ್ಲಿಪ್ ಬಿಚ್ಚುವ ದಿನ ಪ್ರತಿ ರೋಗಿಗೆ ಕನ್ನಡದಲ್ಲಿ ಬರೆದ ಒಂದು ಕಾರ್ಡು ಕೊಡಬೇಕು. ಬಿಚ್ಚಿದ ದಿನಾಂಕ, ರಿಟೇನರಿನ ಬಗೆ, ಹಾಕಬೇಕಾದ ಗಂಟೆ, ತೊಳೆಯುವ ರೀತಿ, ಮೊದಲ ವರ್ಷದ ತಪಾಸಣೆಯ ದಿನಗಳು, ತಜ್ಞರು ಬರದಿದ್ದರೆ ಯಾರನ್ನು ಕಾಣಬೇಕು, ಇಷ್ಟು ಅದರಲ್ಲಿರಲಿ. ಹಲ್ಲಿನ ಅಚ್ಚನ್ನು ಮನೆಯವರ ಕೈಗೇ ಕೊಟ್ಟು ಕಳಿಸಲಿ. ಸ್ಕ್ಯಾನ್ ಮಾಡಿದ್ದರೆ ಅದರ ಫೈಲನ್ನು ಮೊಬೈಲಿಗೆ ಹಾಕಿಕೊಡಲಿ. ಹುಡುಗ ಬೆಂಗಳೂರಿನಲ್ಲಿದ್ದರೂ ಕ್ಲಿಪ್ ಬಿಚ್ಚಿದ ದಿನದ ಹಲ್ಲು ಹೇಗಿತ್ತು ಎಂದು ಅಲ್ಲಿನ ವೈದ್ಯರಿಗೆ ಅದರಿಂದ ತಿಳಿಯುತ್ತದೆ, ಹಲ್ಲು ಸರಿದಿರದಿದ್ದರೆ ಅದರ ಮೇಲೇ ಹೊಸ ರಿಟೇನರ್ ಆಗುತ್ತದೆ. ಸಂತೆಕಲ್ಲೂರಿನ ಘನಮಠ ಶಿವಯೋಗಿಗಳು ಹತ್ತೊಂಬತ್ತನೇ ಶತಮಾನದಲ್ಲೇ ಬೇಸಾಯದ ತಿಳಿವಳಿಕೆಯನ್ನು 'ಕೃಷಿ ಜ್ಞಾನ ಪ್ರದೀಪಿಕೆ'ಯಾಗಿ ಕನ್ನಡದಲ್ಲಿ ಬರೆದಿಟ್ಟರು. ಅದೇ ಊರಿನ ಹುಡುಗಿಯ ಕೈಗೆ ಇಂದು ಇಂಗ್ಲಿಷ್ ಚೀಟಿ ಕೊಟ್ಟು ಕಳಿಸುವುದು ನ್ಯಾಯವಲ್ಲ.

ಈ ಪತ್ರಿಕೆ ಓದುವ ಮನೆಗಳಲ್ಲಿ ಕ್ಲಿಪ್ ಬಿಚ್ಚಿಸಿಕೊಂಡ ಮಕ್ಕಳಿದ್ದರೆ ಇವತ್ತು ರಾತ್ರಿ ರಿಟೇನರ್ ಹುಡುಕಿಸಿ, ತೊಳೆಸಿ, ನಿಮ್ಮೆದುರೇ ಹಾಕಿಸಿ ನೋಡಿ. ಹಾಸ್ಟೆಲಿನಲ್ಲಿದ್ದರೆ ಫೋನು ಮಾಡಿ ಕೇಳಿ. ಬಿಗಿಯಾಗಿದ್ದರೆ, ಕೂಡದಿದ್ದರೆ, ಕಳೆದಿದ್ದರೆ ಬೈಯಬೇಡಿ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ. ಈ ವಾರವೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.